ಸಾಮ್ರಾಜ್ಯಗಳ ಇತಿಹಾಸದಲ್ಲಿ ಬ್ರಿಟನ್ನಿನಲ್ಲಿ ಎಂ.ಎ. ಮಾಡಬೇಕು. ಅರ್ಜಿಯಲ್ಲಿ ಯಾವುದು ಮುಖ್ಯ?

ಅಂಕಗಳು ಬೇಕೇ ಬೇಕು. ಆದರೆ ಅಷ್ಟೇ ಅಂಕ ಇರುವ ಇಬ್ಬರಲ್ಲಿ ಒಬ್ಬರನ್ನು ಆರಿಸುವಾಗ ಜಾಸ್ತಿ ತೂಗುವುದು ನೀವು ಬರೆದುಕೊಡುವ ಸಂಶೋಧನಾ ಪ್ರಸ್ತಾವ. ಅದರಲ್ಲಿ ಒಂದು ಚಿಕ್ಕ ಪ್ರಶ್ನೆ ಇರಬೇಕು, ಅದಕ್ಕೆ ಉತ್ತರ ಯಾವ ದಾಖಲೆಯಲ್ಲಿ ಸಿಗುತ್ತದೆ ಅನ್ನುವುದೂ ಇರಬೇಕು.

ಕಾರಣ ಸರಳ. ಅಲ್ಲಿ ಎಂ.ಎ. ಸಾಮಾನ್ಯವಾಗಿ ಒಂದೇ ವರ್ಷ. ಅಷ್ಟರಲ್ಲಿ ಪಾಠ ಮುಗಿಸಿ ಪ್ರಬಂಧವನ್ನೂ ಬರೆಯಬೇಕು. ಈ ಅಭ್ಯರ್ಥಿಯ ಕೈಲಿ ಅದು ಆಗುತ್ತದಾ, ಮಾರ್ಗದರ್ಶನ ಮಾಡುವವರು ನಮ್ಮಲ್ಲಿ ಇದ್ದಾರಾ ಎಂದು ಅರ್ಜಿ ಓದುವ ವಿಶ್ವವಿದ್ಯಾಲಯದವರು ನೋಡುತ್ತಾರೆ.

‘ಬ್ರಿಟಿಷ್ ಸಾಮ್ರಾಜ್ಯ ಮತ್ತು ಕೂಲಿಗಳು’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘1834ರಿಂದ ಭಾರತದಿಂದ ಮಾರಿಷಸ್‌ಗೆ ಹೋದ ಕರಾರು ಕೂಲಿಗಳು ಸಂಬಳದ ಬಗ್ಗೆ ಯಾರಿಗೆ ದೂರು ಕೊಡುತ್ತಿದ್ದರು?’ ಎಂದು ಕೇಳಿ ನೋಡಿ. ಹುಡುಕಲು ಜಾಗವೂ ಇದೆ: ಲಂಡನ್ನಿನ ಕ್ಯೂ (Kew) ಎಂಬ ಜಾಗದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ವಸಾಹತು ಕಚೇರಿಯ ಮಾರಿಷಸ್ ಕಡತಗಳು, ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ (ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಲಾಖೆ) ದಾಖಲೆಗಳು. ಫ್ರೆಂಚ್ ಓದಲು ಬಂದರೆ ತಪ್ಪದೆ ಬರೆಯಿರಿ. ಆ ದ್ವೀಪ ಮೊದಲು ಫ್ರೆಂಚರದ್ದಾಗಿತ್ತು ಅಲ್ವಾ.

ಚಿಕ್ಕಂದಿನಿಂದ ಇತಿಹಾಸ ಇಷ್ಟ ಅನ್ನುವ ಸಾಲು ಸುಮ್ನೆ ಜಾಗ ತಿನ್ನುತ್ತದೆ, ಬಿಟ್ಟುಬಿಡಿ.