ಅಡುಗೆ ಯಾರದ್ದು, ಬಡಿಸಿದ್ದು ಯಾರು? ನಿಮ್ಮ ಲೇಖನದ ಬಗ್ಗೆ ನಾಲ್ಕು ಮಾತು

ನಮಸ್ಕಾರ,

ನೀವು ಕಳಿಸಿದ ‘ಪರದೆಯ ಮೋಸ’ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಗೀಚಿ ಕೈತೊಳೆದುಕೊಳ್ಳುವಂಥ ಲೇಖನವೂ ಅಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ. ಸ್ವಲ್ಪ ಖಾರ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ವಾದ ಇಷ್ಟು: ಬೇರೆ ದೇಶದಲ್ಲಿ ನಡೆಯುವ ಆಟವನ್ನು ಟೀವಿಯಲ್ಲಿ ನೋಡುವಾಗ ನಮಗೆ ಕಾಣುವುದು ಅಸಲಿ ಆಟ ಅಲ್ಲ. ಪಾಶ್ಚಾತ್ಯ ಚಾನೆಲ್‌ಗಳು ತಮಗೆ ಬೇಕಾದ ಹಾಗೆ ಕತ್ತರಿಸಿ ಕೊಟ್ಟದ್ದನ್ನು ಜಗತ್ತೆಲ್ಲ ನೋಡುತ್ತದೆ. ಸಾಕ್ಷಿಗೆ ಬೀಜಿಂಗ್, ಲಂಡನ್, ಟೋಕಿಯೋ ಒಲಿಂಪಿಕ್ಸ್, ಕೇಪ್‌ಟೌನ್‌ನ ಒಂದು ಟೆಸ್ಟ್ ಪಂದ್ಯ, ಕೊನೆಗೆ ಐಪಿಎಲ್.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಗ್ರೀಕರ ಕಾಲದಿಂದ ಹೊರಟು ‘ಜಾಗತೀಕರಣದ ಈ ಯುಗ’ಕ್ಕೆ ಬರುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ.

ಈಗ ದೊಡ್ಡ ತಕರಾರು. ನಿಮ್ಮ ಲೇಖನದಲ್ಲಿ ‘ಟೀವಿಯವರು’ ಸಾಲು ಸಾಲಿಗೂ ಬರುತ್ತಾರೆ. ಟೀವಿಯವರು ಮುಚ್ಚಿಟ್ಟರು, ಟೀವಿಯವರು ತಿರುಚಿದರು. ಯಾವ ಟೀವಿಯವರು? ಒಲಿಂಪಿಕ್ಸ್ ಚಿತ್ರ ತೆಗೆಯುವುದು ಅಮೆರಿಕದ ಎನ್‌ಬಿಸಿಯೂ ಅಲ್ಲ, ನಮ್ಮ ಚಾನೆಲ್ಲೂ ಅಲ್ಲ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2001ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಕಟ್ಟಿತು: ಒಲಿಂಪಿಕ್ ಬ್ರಾಡ್‌ಕಾಸ್ಟಿಂಗ್ ಸರ್ವೀಸಸ್, ಅಂದರೆ ಒಬಿಎಸ್. ಅದರ ನೆಲೆ ಮ್ಯಾಡ್ರಿಡ್. ಪ್ಯಾರಿಸ್ 2024ಕ್ಕೆ ಅದು ತಯಾರು ಮಾಡಿದ್ದು 11,000 ಗಂಟೆಗೂ ಮೀರಿದ ದೃಶ್ಯ. ಅದು ಕೊಡುವ ಸಿಗ್ನಲ್‌ನಲ್ಲಿ ಮೈದಾನದ ಚಿತ್ರ ಇರುತ್ತದೆ, ಮೈದಾನದ ಸದ್ದು ಇರುತ್ತದೆ, ಸ್ಕೋರಿನ ಪಟ್ಟಿ ಇರುತ್ತದೆ. ಯಾವ ದೇಶದ ಪರವೂ ವಹಿಸದೆ ತೋರಿಸಬೇಕು ಎಂಬುದು ಅದರ ಕರಾರು. ಹಕ್ಕು ಕೊಂಡ ಚಾನೆಲ್‌ಗಳು ಅದರ ಮೇಲೆ ತಮ್ಮ ಭಾಷೆಯ ಮಾತು, ತಮ್ಮ ಸ್ಟುಡಿಯೋ, ತಮ್ಮ ಜಾಹೀರಾತು ಸೇರಿಸಿಕೊಳ್ಳುತ್ತವೆ. ದುಡ್ಡಿದ್ದವರು ಸ್ವಂತ ಕ್ಯಾಮೆರಾಗಳನ್ನೂ ತರುತ್ತಾರೆ. ಫುಟ್‌ಬಾಲ್ ವಿಶ್ವಕಪ್‌ಗೂ 2002ರಿಂದ ಹೆಚ್ಚುಕಮ್ಮಿ ಇದೇ ಏರ್ಪಾಡು, ಅಲ್ಲಿ ಸಿಗ್ನಲ್ ತಯಾರಿಸುವ ಸಂಸ್ಥೆ ಎಚ್‌ಬಿಎಸ್. ಅಡುಗೆ ಮಾಡುವವರು ಒಬ್ಬರು, ಬಡಿಸುವವರು ಇನ್ನೊಬ್ಬರು. ಉಪ್ಪು ಜಾಸ್ತಿಯಾದರೆ ಯಾರನ್ನು ಕೇಳಬೇಕು ಎಂಬುದು ನಿಮ್ಮ ಲೇಖನದ ಪ್ರಶ್ನೆ ಆಗಬೇಕಿತ್ತು. ಅದು ನಿಮಗೆ ಹೊಳೆದೇ ಇಲ್ಲ. ಹೊಳೆಯದ್ದಕ್ಕೇ ಉದಾಹರಣೆಗಳೆಲ್ಲ ಕಲಸುಮೇಲೋಗರ ಆಗಿವೆ.

ಬೀಜಿಂಗ್ ವಿಷಯವನ್ನೇ ನೋಡಿ. 2008ರ ಉದ್ಘಾಟನೆಯಲ್ಲಿ ಪಟಾಕಿಯ 29 ಹೆಜ್ಜೆಗುರುತುಗಳು ಊರ ಮೇಲೆ ನಡೆದು ಬಂದ ಹಾಗೆ ಕಂಡದ್ದರಲ್ಲಿ ಬಹುಪಾಲು ಕಂಪ್ಯೂಟರ್ ಗ್ರಾಫಿಕ್ಸ್. ಇದು ನಿಜ. ಆದರೆ ನೀವು ಇದನ್ನು ‘ಅಮೆರಿಕದ ಚಾನೆಲ್‌ನ ವಂಚನೆ’ ಎಂದು ಬರೆದಿದ್ದೀರಿ. ಅದನ್ನು ಮೊದಲೇ ತಯಾರಿಸಿ ಇಟ್ಟುಕೊಂಡವರು ಚೀನಾದ ಸಂಘಟಕರು. ಅದು ಹೋಗಿದ್ದು ಎಲ್ಲ ದೇಶಗಳ ಟೀವಿಗೂ. ಅಷ್ಟೇ ಯಾಕೆ, ಕ್ರೀಡಾಂಗಣದ ಒಳಗಿನ ದೊಡ್ಡ ಪರದೆಯಲ್ಲೂ ಅದೇ ಓಡಿತು. ಟಿಕೆಟ್ ಕೊಂಡು ಒಳಗೆ ಕೂತವನೂ ಅದನ್ನೇ ನೋಡಿದ. ಇದು ಎಷ್ಟು ಮಜವಾದ ಸಂಗತಿ! ನೀವು ಅಮೆರಿಕವನ್ನು ಬೈಯುವ ಭರದಲ್ಲಿ ಅದನ್ನು ಬಿಟ್ಟೇಬಿಟ್ಟಿದ್ದೀರಿ.

ಲಂಡನ್ ಇದಕ್ಕೆ ಪೂರಾ ಉಲ್ಟಾ. 2012ರ ಜುಲೈ 27ರ ಉದ್ಘಾಟನೆಯಲ್ಲಿ ಅಕ್ರಮ್ ಖಾನ್ ಸಂಯೋಜಿಸಿದ ಒಂದು ನೃತ್ಯ ಇತ್ತು. 2005ರ ಜುಲೈ 7ರ ಲಂಡನ್ ಬಾಂಬ್ ಸ್ಫೋಟಗಳಲ್ಲಿ ಸತ್ತವರ ನೆನಪಿಗೆ ಅದು ಎಂದು ಬಹಳ ಜನ ಅರ್ಥ ಮಾಡಿಕೊಂಡರು. ಸಿಗ್ನಲ್‌ನಲ್ಲಿ ಅದು ಪೂರ್ತಿ ಇತ್ತು, ಉಳಿದ ದೇಶಗಳವರು ನೋಡಿದರು. ಎನ್‌ಬಿಸಿ ಮಾತ್ರ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡು, ರಾತ್ರಿ ತನ್ನ ಜನ ಟೀವಿ ಮುಂದೆ ಕೂರುವ ಹೊತ್ತಿಗೆ ಹಾಕಿತು. ಆ ನೃತ್ಯದ ಜಾಗದಲ್ಲಿ ಬಂದದ್ದು ಈಜುಗಾರ ಮೈಕೆಲ್ ಫೆಲ್ಪ್ಸ್ ಸಂದರ್ಶನ. ಇಲ್ಲಿ ತಪ್ಪು ಬಡಿಸಿದವರದ್ದು. ನೀವು ಬೀಜಿಂಗ್ ಮತ್ತು ಲಂಡನ್ ಎರಡನ್ನೂ ಒಂದೇ ಪ್ಯಾರಾದಲ್ಲಿ, ಒಂದೇ ಆರೋಪದ ಕೆಳಗೆ ಹಾಕಿದ್ದೀರಿ. ಬಿಡಿಸಿ ಬರೆಯಿರಿ, ಒಂದರ ಪಕ್ಕ ಒಂದು ಇಡಿ. ಲೇಖನ ಅಲ್ಲೇ ಎದ್ದು ನಿಲ್ಲುತ್ತದೆ.

‘ಪಾಶ್ಚಾತ್ಯ’ ಎಂಬ ಪದವನ್ನೂ ಕೈಬಿಡಬೇಕಾಗುತ್ತದೆ. 2022ರ ಕತಾರ್ ವಿಶ್ವಕಪ್ ಶುರುವಾದಾಗ ಚೀನಾದಲ್ಲಿ ಕೋವಿಡ್ ನಿರ್ಬಂಧ ಇನ್ನೂ ಬಿಗಿಯಾಗಿತ್ತು. ಮಾಸ್ಕ್ ಇಲ್ಲದೆ ಕುಣಿಯುವ ಜನರ ಮುಖ ಹತ್ತಿರದಿಂದ ಬಂದಾಗಲೆಲ್ಲ ಅಲ್ಲಿನ ಸರ್ಕಾರಿ ವಾಹಿನಿ ಸಿಸಿಟಿವಿ ಬೇರೆ ಚಿತ್ರ ಹಾಕುತ್ತಿತ್ತು: ಆಟಗಾರರು, ಕೋಚ್‌ಗಳು, ದೂರದಿಂದ ಕಾಣುವ ಮೈದಾನ. ಒಂದೇ ಪಂದ್ಯ, ಒಂದೇ ಸಿಗ್ನಲ್. ಇರಾನಿನ ಸರ್ಕಾರಿ ಟೀವಿ ಗ್ಯಾಲರಿಯಲ್ಲಿ ಕೂತ ಹೆಂಗಸರನ್ನು ಮರೆಮಾಡುವುದು ಇನ್ನೂ ಹಳೆಯ ಕತೆ. ಇವನ್ನು ನಿಮ್ಮ ವಾದದೊಳಗೆ ಎಲ್ಲಿ ಕೂರಿಸುತ್ತೀರಿ?

ಟೋಕಿಯೋ ಬಗ್ಗೆ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 2021ರ ಆಗಸ್ಟ್ 7ರಂದು ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದ ಸಂಜೆ ಪರದೆ ಮತ್ತೆ ಮತ್ತೆ ಓಟದ ಕಡೆ ತಿರುಗುತ್ತಿತ್ತು ಎಂದು ಬರೆದು, ‘ವಿದೇಶಿ ನಿರ್ದೇಶಕರಿಗೆ ನಮ್ಮ ಹುಡುಗ ಬೇಡವಾಗಿದ್ದ’ ಎಂದು ಮುಗಿಸಿದ್ದೀರಿ. ಅಥ್ಲೆಟಿಕ್ಸ್‌ಗೆ ಒಬಿಎಸ್ ಒಂದೇ ಸಿಗ್ನಲ್ ಕೊಡುವುದಿಲ್ಲ. ಓಟಕ್ಕೆ ಒಂದು, ಜಿಗಿತಕ್ಕೆ ಒಂದು, ಎಸೆತಕ್ಕೆ ಒಂದು, ಎಲ್ಲವನ್ನೂ ಬೆರೆಸಿದ ಇನ್ನೊಂದು, ಹೀಗೆ ಬೇರೆ ಬೇರೆ ಇರುತ್ತವೆ. ಬೆರೆಸಿದ್ದನ್ನು ಹಾಕಿಕೊಂಡರೆ ಜಾವೆಲಿನ್ ನಡುವೆ ರಿಲೇ ಬಂದೇ ಬರುತ್ತದೆ. ಯಾವುದನ್ನು ಎತ್ತಿಕೊಳ್ಳಬೇಕು ಎಂಬುದು ಇಲ್ಲಿನ ಚಾನೆಲ್ ಮಾಡುವ ಆಯ್ಕೆ. ನೀವು ನೋಡಿದ್ದು ಯಾವುದು ಎಂದು ಮೊದಲು ಪತ್ತೆ ಮಾಡಿ. ಆಮೇಲೆ ದೂರು ಬರೆಯಿರಿ, ಸರಿಯಾದ ವಿಳಾಸಕ್ಕೆ.

ಕೇಪ್‌ಟೌನ್ ಪ್ಯಾರಾ ಹಾಕಿದರೆ ನಮಗೆ ವಕೀಲರ ನೋಟಿಸ್ ಬರುತ್ತದೆ, ಸುಮ್ನೆ ಹೇಳುತ್ತಿಲ್ಲ. 2022ರ ಜನವರಿಯಲ್ಲಿ ಅಶ್ವಿನ್ ಎಸೆತಕ್ಕೆ ದಕ್ಷಿಣ ಆಫ್ರಿಕಾದ ಎಲ್ಗರ್ ಎಲ್‌ಬಿಡಬ್ಲ್ಯು ಎಂದು ಅಂಪೈರ್ ಕೈ ಎತ್ತಿದರು. ರಿವ್ಯೂನಲ್ಲಿ ಚೆಂಡು ವಿಕೆಟ್ ಮೇಲಿಂದ ಹೋಗುತ್ತಿತ್ತು ಎಂದು ಬಂತು. ಕೊಹ್ಲಿ, ಅಶ್ವಿನ್, ನಮ್ಮ ಕೆ.ಎಲ್. ರಾಹುಲ್ ಮೂವರೂ ಸ್ಟಂಪ್ ಮೈಕಿಗೆ ಕೇಳುವ ಹಾಗೆ ಸಿಟ್ಟು ಕಾರಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ‘ಆತಿಥೇಯ ಚಾನೆಲ್ ಡಿಆರ್‌ಎಸ್ ತಿದ್ದಿತು’ ಎಂಬುದಕ್ಕೆ ನಿಮ್ಮ ಹತ್ತಿರ ಏನು ಆಧಾರ ಇದೆ? ಚೆಂಡಿನ ದಾರಿ ಲೆಕ್ಕ ಹಾಕುವುದು ಹಾಕ್-ಐ ಎಂಬ ಬೇರೆ ಕಂಪನಿ.

ಆದರೆ ಇದೇ ಮೈದಾನದಲ್ಲಿ ನಿಮಗೊಂದು ಒಳ್ಳೆಯ ಪ್ರಶ್ನೆ ಬಿದ್ದಿದೆ. 2018ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಬ್ಯಾನ್‌ಕ್ರಾಫ್ಟ್ ಚೆಂಡಿಗೆ ಉಜ್ಜಿದ ಹಳದಿ ಬಣ್ಣದ ಮರಳು ಕಾಗದವನ್ನು ಪ್ಯಾಂಟಿನೊಳಗೆ ತುರುಕಿದ್ದನ್ನು ಹಿಡಿದದ್ದು ಆತಿಥೇಯ ದೇಶದ ಚಾನೆಲ್‌ನ ಕ್ಯಾಮೆರಾ. ಮೋಸ ನಿಜ, ಶಿಕ್ಷೆಯೂ ಆಯಿತು. ಆದರೆ ಕ್ಯಾಮೆರಾಗಳು ಸ್ವಂತ ತಂಡದ ಆಟಗಾರರ ಕೈಯನ್ನೂ ಅಷ್ಟೇ ಹಟದಿಂದ ಹಿಂಬಾಲಿಸುತ್ತವಾ? ಈ ಪ್ರಶ್ನೆಯನ್ನು ನಮ್ಮ ದೇಶಕ್ಕೂ ಹಾಕಿ. ಭಾರತದಲ್ಲಿ ನಡೆಯುವ ಸರಣಿಗಳ ಚಿತ್ರೀಕರಣ ಬಿಸಿಸಿಐ ಕೈಯಲ್ಲೇ ಇದೆ. ಕಾಮೆಂಟೇಟರ್‌ಗಳಲ್ಲಿ ಹಲವರು ಮಂಡಳಿಯ ಜೊತೆಗೇ ಒಪ್ಪಂದ ಮಾಡಿಕೊಂಡವರು. ಲಂಡನ್ನಿನಲ್ಲಿ ಕೂತು ಬೆಂಗಳೂರು ಟೆಸ್ಟ್ ನೋಡುವವನಿಗೆ ಹೋಗುವುದು ಈ ಚಿತ್ರವೇ. ಅವನೂ ನಿಮ್ಮ ಹಾಗೇ ಒಂದು ಲೇಖನ ಬರೆಯಬಹುದು ಅಲ್ವಾ?

‘ಕ್ಯಾಮೆರಾ ಸುಳ್ಳು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ’ ಎಂಬ ಸಾಲಿನ ಕೆಳಗೆ ನೀವೇ ಗೆರೆ ಎಳೆದಿದ್ದೀರಿ. ಚಪ್ಪಾಳೆಗೆ ಬರೆದದ್ದು, ತೆಗೆಯಿರಿ. ಆಸ್ಟ್ರೇಲಿಯಾದಲ್ಲಿ 1977ರಲ್ಲಿ ಉದ್ಯಮಿ ಕೆರ್ರಿ ಪ್ಯಾಕರ್ ಅವರ ಚಾನೆಲ್ ಪಿಚ್‌ನ ಎರಡೂ ತುದಿಗೆ ಕ್ಯಾಮೆರಾ ಇಡುವ ತನಕ ಅಲ್ಲಿನವರು ಒಂದು ಓವರ್ ಬಿಟ್ಟು ಒಂದು ಓವರ್ ಬ್ಯಾಟ್ಸ್‌ಮನ್ ಬೆನ್ನನ್ನೇ ನೋಡುತ್ತಿದ್ದರು. ಅದರಲ್ಲಿ ಸುಳ್ಳೂ ಇರಲಿಲ್ಲ, ಸಂಚೂ ಇರಲಿಲ್ಲ. ಕ್ಯಾಮೆರಾ ಇದ್ದದ್ದೇ ಒಂದು ಕಡೆ.

ಇನ್ನು ನಿಮ್ಮ ಲೇಖನದ ಜೀವ ಇರುವ ಜಾಗಕ್ಕೆ ಬರುತ್ತೇನೆ. ಅದು ಕೊನೆಯ ಪುಟದಲ್ಲಿ ಅವಿತುಕೊಂಡಿದೆ. ಡಲ್ಲಾಸ್‌ನಲ್ಲಿರುವ ನಿಮ್ಮ ಅಣ್ಣ ಐಪಿಎಲ್ ನೋಡುವುದು ಆಫೀಸಿನಲ್ಲಿ, ಬೆಳಿಗ್ಗೆ 9ಕ್ಕೆ, ಮೀಟಿಂಗ್ ನಡುವೆ ಧ್ವನಿ ಬಂದ್ ಮಾಡಿ. ಹಾಸನದಲ್ಲಿ ನಿಮ್ಮ ತಂದೆ ನೋಡುವುದು ರಾತ್ರಿ ಏಳೂವರೆಗೆ, ಕನ್ನಡ ಕಾಮೆಂಟರಿ ಜೋರಾಗಿ ಇಟ್ಟು. ತಂದೆ ವಾಟ್ಸಾಪ್‌ನಲ್ಲಿ ‘ಔಟ್’ ಎಂದು ಹಾಕಿದಾಗ ಅಣ್ಣನ ಪರದೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ತಂದೆಗೆ ಓವರ್ ಮುಗಿದ ಕೂಡಲೇ ಪಾನ್ ಮಸಾಲಾ ಜಾಹೀರಾತು. ಅಣ್ಣನಿಗೆ ಊರಿಗೆ ದುಡ್ಡು ಕಳಿಸುವ ಆ್ಯಪ್‌ನದ್ದು, ಅದೂ ಪ್ರತಿ ಓವರಿಗೂ ಅದೇ. ಇದನ್ನು ನೀವು ಆರು ಸಾಲಿನಲ್ಲಿ ಮುಗಿಸಿದ್ದೀರಿ! ಒಂದೇ ಮನೆಯ ಇಬ್ಬರು, ಒಂದೇ ಎಸೆತ, ಎರಡು ಬೇರೆ ಟೀವಿ. ಲೇಖನ ಶುರುವಾಗಬೇಕಾದ್ದೇ ಇಲ್ಲಿಂದ.

ಒಂದು ಕೆಲಸ ಮಾಡಿ. ಮುಂದಿನ ಪಂದ್ಯದ ಒಂದೇ ಒಂದು ಓವರ್ ಆರಿಸಿಕೊಳ್ಳಿ. ಆ ಓವರ್ ಇಬ್ಬರಿಗೂ ಹೇಗೆ ಬಂತು ಎಂದು ಎಸೆತ ಎಸೆತಕ್ಕೂ ಬರೆದಿಟ್ಟುಕೊಳ್ಳಿ. ಯಾರ ಧ್ವನಿ? ಎಷ್ಟು ಸೆಕೆಂಡ್ ತಡ? ಆರನೇ ಎಸೆತದ ನಂತರ ಏನು? ಫೀಲ್ಡಿಂಗ್ ಬದಲಾದದ್ದು ಕಂಡಿತಾ, ಜಾಹೀರಾತಿನ ಕೆಳಗೆ ಹೋಯಿತಾ? ಅಣ್ಣನಿಗೆ ಕನ್ನಡ ಕಾಮೆಂಟರಿ ಸಿಗುತ್ತದಾ, ಸಿಕ್ಕರೆ ಹಾಕಿಕೊಳ್ಳುತ್ತಾರಾ? ಇನ್ನೊಂದು ವಿಷಯ ಗಮನಿಸಿ: ಪ್ರಾದೇಶಿಕ ಭಾಷೆಯ ಕಾಮೆಂಟರಿ ಹೇಳುವವರು ಬಹಳ ಸಲ ಮೈದಾನದಲ್ಲಿ ಇರುವುದಿಲ್ಲ. ದೂರದ ಸ್ಟುಡಿಯೋದಲ್ಲಿ ಮಾನಿಟರ್ ಮುಂದೆ ಕೂತಿರುತ್ತಾರೆ. ನಿರ್ದೇಶಕ ತೋರಿಸದ ಫೈನ್ ಲೆಗ್ ಫೀಲ್ಡರ್ ಅವರಿಗೂ ಕಾಣುವುದಿಲ್ಲ. ನಿಮ್ಮ ತಂದೆಗೆ ಎಷ್ಟು ಕಾಣುತ್ತದೋ ಅವರಿಗೂ ಅಷ್ಟೇ.

ಆಟ ಯಾರ ಹೊತ್ತಿಗೆ ಇಡುತ್ತಾರೆ ಎಂದು ನೀವು ಎತ್ತಿದ ವಿಷಯಕ್ಕೂ ಐಪಿಎಲ್‌ನಲ್ಲೇ ಉತ್ತರ ಇದೆ. ಬೀಜಿಂಗ್‌ನಲ್ಲಿ ಸಂಜೆ ನಡೆಯಬೇಕಿದ್ದ ಈಜಿನ ಫೈನಲ್‌ಗಳನ್ನು ಬೆಳಿಗ್ಗೆಗೆ ಹಾಕಿದರು, ನ್ಯೂಯಾರ್ಕಿನ ರಾತ್ರಿಗೆ ಹೊಂದಲಿ ಎಂದು. ಇದು ಸರಿ, ಚೆನ್ನಾಗಿ ಹೇಳಿದ್ದೀರಿ. ಆದರೆ ಮರುವರ್ಷ ಏನಾಯಿತು? ಲೋಕಸಭಾ ಚುನಾವಣೆ ಅಂತ 2009ರ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಆಗ ವಿದೇಶದ ವೀಕ್ಷಕರು ಯಾರು? ನಾವೇ. ನಮ್ಮ ಸಂಜೆ 4 ಮತ್ತು ರಾತ್ರಿ 8ಕ್ಕೆ ಹೊಂದುವ ಹಾಗೆ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ, ನಾಲ್ಕೂವರೆಗೆ ಆಟ ಶುರು. ಪ್ರತಿ ಇನಿಂಗ್ಸ್ ಅರ್ಧಕ್ಕೆ ಬಂದಾಗ ಏಳೂವರೆ ನಿಮಿಷದ ‘ಸ್ಟ್ರಾಟೆಜಿ’ ವಿರಾಮ ಬೇರೆ. ತಂತ್ರಗಾರಿಕೆಗೆ ಅಂತೆ. ಜಾಹೀರಾತು ನೋಡಿದವರಿಗೆ ಗೊತ್ತು. ಜೋಹಾನ್ಸ್‌ಬರ್ಗ್‌ನ ಆ ಫೈನಲ್‌ನಲ್ಲಿ ಕುಂಬ್ಳೆ 16 ರನ್‌ಗೆ 4 ವಿಕೆಟ್ ತೆಗೆದೂ ಆರ್‌ಸಿಬಿ 6 ರನ್‌ನಿಂದ ಸೋತ ರಾತ್ರಿಯನ್ನು ನಿಮ್ಮ ತಂದೆ ಮರೆತಿರಲಿಕ್ಕಿಲ್ಲ, ಕೇಳಿ ನೋಡಿ. ಆ ಐದು ವಾರ ಆತಿಥೇಯ ದೇಶದ ಗಡಿಯಾರ ನಡೆದದ್ದು ನಮ್ಮ ಮನೆಗಳ ಊಟದ ಹೊತ್ತಿಗೆ. ದುಡ್ಡು ಯಾವ ದೇಶದ ವೀಕ್ಷಕರಿಂದ ಬರುತ್ತದೋ ಆ ದೇಶದ ಸಂಜೆಗೆ ಆಟ. ಇದನ್ನು ಹೇಳುವ ಧೈರ್ಯ ಮಾಡಿದರೆ ‘ಅವರು’ ಮತ್ತು ‘ನಾವು’ ಎಂಬ ನಿಮ್ಮ ಗೋಡೆ ಬಿದ್ದುಹೋಗುತ್ತದೆ. ಬೀಳಲಿ ಬಿಡಿ.

ಜಾಗ ಉಳಿದರೆ ಮಾರ್ಕ್ ಮಸ್ಕರೇನ್ಹಸ್ ಬಗ್ಗೆ ಒಂದು ಪ್ಯಾರಾ ಸೇರಿಸಿ. ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಈ ಮನುಷ್ಯನ ವರ್ಲ್ಡ್‌ಟೆಲ್ ಕಂಪನಿ 1996ರ ಕ್ರಿಕೆಟ್ ವಿಶ್ವಕಪ್‌ನ ಟೀವಿ ಹಕ್ಕು ಕೊಂಡಿತ್ತು. ಆ ಮಾರ್ಚ್ 9ರ ರಾತ್ರಿ ಚಿನ್ನಸ್ವಾಮಿಯಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಅಮೀರ್ ಸೊಹೈಲ್‌ನ ವಿಕೆಟ್ ಕಿತ್ತು ಪೆವಿಲಿಯನ್ ಕಡೆ ಕೈ ತೋರಿಸಿದ್ದು ಹೊರದೇಶಗಳಿಗೆ ತಲುಪಿದ್ದು ಆ ಹಕ್ಕಿನ ಮೂಲಕ. 2002ರಲ್ಲಿ ನಾಗಪುರದ ಹತ್ತಿರ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ನಮ್ಮ ಊರಿನವರೇ ಈ ಅಡುಗೆಮನೆಯ ಒಳಗಿದ್ದರು ಎಂಬುದು ನಿಮ್ಮ ವಯಸ್ಸಿನ ಓದುಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಭಾಷೆ ಬಗ್ಗೆ ಚುಟುಕಾಗಿ: ‘ದೃಶ್ಯ ಮಾಧ್ಯಮದ ಅಧಿಪತ್ಯದ ಕಥನ’ ಥರದ ಮಾತು ಬೇಡ. ಅಣ್ಣನ ಬಗ್ಗೆ ಬರೆದ ಆ ಆರು ಸಾಲಿನ ಕನ್ನಡ ನಿಮ್ಮದು. ಉಳಿದದ್ದು ಯಾರದ್ದೋ. ಪೂರ್ತಿ ಲೇಖನ ಆ ಆರು ಸಾಲಿನ ಹಾಗೆ ಬರಲಿ.

ಒಂದೂವರೆ ಸಾವಿರ ಪದ ಮೀರಬೇಡಿ. ಐಪಿಎಲ್ ಮುಗಿಯುವುದರೊಳಗೆ ಬಂದರೆ ಒಳ್ಳೆಯದು, ಆಮೇಲೆ ಈ ವಿಷಯ ಹಳಸುತ್ತದೆ. ಅಣ್ಣನ ಹೆಸರು ಹಾಕುವುದಾದರೆ ಅವರನ್ನು ಕೇಳಿಯೇ ಹಾಕಿ, ಆಫೀಸಿನಲ್ಲಿ ಕೂತು ಮ್ಯಾಚ್ ನೋಡುವವರು ಅವರು. ಈ ಸಲ ನುಡಿ ಫಾಂಟ್ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಹೋದ ಸಲದ್ದರಲ್ಲಿ ಒತ್ತಕ್ಷರ ಅರ್ಧ ಹಾರಿಹೋಗಿದ್ದವು.

ಸಂಪಾದಕ