ಉಬ್ಬದ ಕೆಪಾಸಿಟರ್‌ ಕೂಡ ಕೆಟ್ಟಿರಬಹುದು

ಪ್ರಶ್ನೆ: ಬೆಳಿಗ್ಗೆ ಸ್ವಿಚ್ ಹಾಕಿದರೆ ನಮ್ಮ ಮಾನಿಟರ್‌ನ ಲೈಟ್ ಮಿಣುಕುತ್ತಲೇ ಇರುತ್ತದೆ. ಹತ್ತು ನಿಮಿಷ ಬಿಟ್ಟು ಆನ್ ಆಗುತ್ತದೆ. ಆಮೇಲೆ ದಿನವಿಡೀ ತೊಂದರೆಯಿಲ್ಲ. ಬಿಚ್ಚಿ ನೋಡಿದೆ, ಒಂದು ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಳ್ಳುವ ಭಾಗ) ಕೂಡ ಉಬ್ಬಿಲ್ಲ. 1000 ಮೈಕ್ರೋಫ್ಯಾರಡ್‌ನದನ್ನು ಕಿತ್ತು ಅಳೆದರೆ ಮಲ್ಟಿಮೀಟರ್ 910 ತೋರಿಸಿತು. ಹಾಗಾದರೆ ಪವರ್ ಸಪ್ಲೈ ನಡೆಸುವ ಚಿಪ್, ಅಂದರೆ ಐಸಿ, ಹೋಗಿದೆಯಾ?

ಉತ್ತರ: ಐಸಿಗೆ ಈಗಲೇ ಕೈ ಹಾಕಬೇಡಿ. ಹತ್ತು ನಿಮಿಷ ಬಿಟ್ಟು, ಅಂದರೆ ಬಿಸಿಯಾದ ಮೇಲೆ, ಸರಿಹೋಗುತ್ತದೆ ಅಂದಿರಲ್ವಾ, ಅದು ಕೆಪಾಸಿಟರ್ ಕಡೆಗೇ ಬೆರಳು ತೋರಿಸುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗಿನ ದ್ರವ ಶಾಖಕ್ಕೆ ವರ್ಷಗಟ್ಟಲೆ ಆರುತ್ತಾ ಬರುತ್ತದೆ. ಆಗ ಒಳಗಿನ ರೆಸಿಸ್ಟೆನ್ಸ್, ಅಂದರೆ ಇಎಸ್‌ಆರ್, ಏರುತ್ತದೆ. ತಣ್ಣಗಿದ್ದಾಗ ಇನ್ನೂ ಜಾಸ್ತಿ. ಮಲ್ಟಿಮೀಟರ್ ನಿಧಾನವಾಗಿ ಚಾರ್ಜ್ ಮಾಡಿ ಅಳೆಯುತ್ತದೆ, ಹಾಗಾಗಿ ಇದು ಅದರ ಕಣ್ಣಿಗೆ ಬೀಳುವುದಿಲ್ಲ. ಪವರ್ ಸಪ್ಲೈ ಸೆಕೆಂಡಿಗೆ ಹತ್ತಾರು ಸಾವಿರ ಸಲ ಸ್ವಿಚ್ ಆಗುತ್ತದೆ. ಅಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ 910 ಶೇ. 20ರ ಟಾಲರೆನ್ಸ್ (ಹೆಚ್ಚುಕಡಿಮೆ ಇರಬಹುದಾದ ಮಿತಿ) ಒಳಗೇ ಇದೆ, ಆದರೆ ಅಷ್ಟಕ್ಕೇ ಅದನ್ನು ನಂಬಬೇಡಿ.

ಇಂಥದ್ದೇ ಒಂದು ಸೆಟ್‌ನಲ್ಲಿ ನಾನು ಔಟ್‌ಪುಟ್ ಕಡೆಯ ಮೂರು ದೊಡ್ಡ ಕೆಪಾಸಿಟರ್ ಬದಲಾಯಿಸಿ ಸುಮ್ನೆ ಒಂದು ಮಧ್ಯಾಹ್ನ ಹಾಳುಮಾಡಿಕೊಂಡೆ. ಕಳ್ಳ ಇದ್ದದ್ದು ಪ್ರೈಮರಿ ಕಡೆ, ಅಂದರೆ ಗೋಡೆಯ ಕರೆಂಟ್ ಒಳಬರುವ ಕಡೆ: ಐಸಿ ಪಕ್ಕ, ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್‌ಗೆ ಅಂಟಿಕೊಂಡಂತೆ ನಿಂತಿದ್ದ 47 ಮೈಕ್ರೋಫ್ಯಾರಡ್, 50 ವೋಲ್ಟ್‌ನ ಪುಟ್ಟದು. ನೋಡಲು ಹೊಸದರಂತೆ ಫಳಫಳ. ಇಎಸ್‌ಆರ್ ಮೀಟರ್ ಇಟ್ಟರೆ 18 ಓಮ್! ಐಸಿಗೆ ಕರೆಂಟ್ ಕೊಡುವುದೇ ಆ ಕೆಪಾಸಿಟರ್. ನೀವೂ ಅಲ್ಲಿಂದಲೇ ಶುರುಮಾಡಿ.

ಇಎಸ್‌ಆರ್ ಮೀಟರ್ ಇಲ್ಲದಿದ್ದರೆ ಹೇರ್ ಡ್ರೈಯರ್ ಸಾಕು. ಪ್ಲಗ್ ಕಿತ್ತು, ಅನುಮಾನ ಇರುವುದಕ್ಕೆ ಮಾತ್ರ ಒಂದು ನಿಮಿಷ ಬಿಸಿಗಾಳಿ ಕೊಡಿ. ಬೋರ್ಡ್‌ನಿಂದ ಕೈ ದೂರ ಇಟ್ಟು ಪ್ಲಗ್ ಹಾಕಿ. ತಕ್ಷಣ ಆನ್ ಆದರೆ ಹೆಚ್ಚುಕಡಿಮೆ ಅದೇ.

ಮುಟ್ಟುವ ಮುಂಚೆ ಮಾತ್ರ ಎಚ್ಚರ. 230 ವೋಲ್ಟ್ ಲೈನ್‌ನಲ್ಲಿ ಪ್ರೈಮರಿ ಕಡೆಯ ದೊಡ್ಡ ಫಿಲ್ಟರ್ ಕೆಪಾಸಿಟರ್ ಮೇಲೆ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತರೂ ಉಳಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. 2.2 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಟ್ ಮಾಡಿದ ವೈರ್ ಕಟ್ಟಿ ಡಿಸ್‌ಚಾರ್ಜ್ ಮಾಡಿ, ಮೀಟರ್‌ನಲ್ಲಿ ಸೊನ್ನೆ ಬಂದದ್ದನ್ನು ನೋಡಿಕೊಳ್ಳಿ.

ಹೊಸದಕ್ಕೆ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟ್, 105 ಡಿಗ್ರಿ ಸೆಲ್ಸಿಯಸ್ ಶಾಖ ತಾಳುವ ಲೋ ಇಎಸ್‌ಆರ್ ಕೇಳಿ. ಹಳೆಯದನ್ನು ಕೀಳುವ ಮುಂಚೆ ಅದರ ಮೈನಸ್ ಪಟ್ಟಿ ಯಾವ ಕಡೆ ಇದೆ ಅಂತ ಫೋಟೊ ತೆಗೆದುಕೊಳ್ಳಿ. ಬೋರ್ಡ್ ಮೇಲೆ ಅಚ್ಚಾದ ವೃತ್ತದಲ್ಲಿ ಬಣ್ಣ ತುಂಬಿದ ಅರ್ಧವೇ ಮೈನಸ್ ಅಂತ ಎಲ್ಲ ಬೋರ್ಡ್‌ಗಳಲ್ಲೂ ನಂಬುವಂತಿಲ್ಲ.