ಮಗಳು ಎಂಜಿನಿಯರಿಂಗ್ ಸೇರುತ್ತಿದ್ದಾಳೆ, ಲ್ಯಾಪ್‌ಟಾಪ್ ಈಗಲೇ ಕೊಡಿಸಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳಿಗೆ ಸಿಇಟಿ ಮೂಲಕ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಸೀಟು ಸಿಕ್ಕಿದೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಇದುವರೆಗೆ ಕಂಪ್ಯೂಟರ್ ಇಲ್ಲ. ಕಾಲೇಜು ಶುರುವಾಗಲು ಇನ್ನೊಂದು ತಿಂಗಳಿದೆ. ಎಂಬತ್ತೈದು ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್ ಇಲ್ಲದೆ ಎಂಜಿನಿಯರಿಂಗ್ ಓದಲು ಆಗುವುದಿಲ್ಲ ಎಂದು ಪೇಟೆಯ ಅಂಗಡಿಯವರು ಹೇಳಿದ್ದಾರೆ. ಕಬ್ಬಿನ ಬಿಲ್ ಬರುವವರೆಗೆ ಕಾಯುವುದೋ, ಸಾಲ ಮಾಡಿಯಾದರೂ ಈಗಲೇ ಕೊಡಿಸುವುದೋ ಎಂಬುದು ನಿಮ್ಮ ಚಿಂತೆ.

ನಾನು ಜಿಲ್ಲಾ ಕೇಂದ್ರವೊಂದರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿರುವವಳು. ಸಾಲ ಮಾಡಬೇಡಿ. ಕಬ್ಬಿನ ಬಿಲ್ ಬರಲಿ. ಮೊದಲ ಸೆಮಿಸ್ಟರಿನಲ್ಲಿ ಕಂಪ್ಯೂಟರ್ ಬೇಕಾಗುವುದು ಒಂದು ಪ್ರೋಗ್ರಾಮಿಂಗ್ ಲ್ಯಾಬಿಗೆ, ಬಹುತೇಕ ಕಡೆ ಎಂಜಿನಿಯರಿಂಗ್ ಡ್ರಾಯಿಂಗಿಗೆ. ಎರಡಕ್ಕೂ ಕಾಲೇಜಿನ ಲ್ಯಾಬಿನಲ್ಲಿಯೇ ಯಂತ್ರಗಳಿರುತ್ತವೆ. ಲ್ಯಾಪ್‌ಟಾಪ್ ಇಲ್ಲವೆಂಬ ಕಾರಣಕ್ಕೆ ಮೊದಲ ಸೆಮಿಸ್ಟರಿನಲ್ಲಿ ಫೇಲಾದ ಒಬ್ಬ ವಿದ್ಯಾರ್ಥಿಯನ್ನೂ ನಾನು ಕಂಡಿಲ್ಲ.

ನಾನು ಕಂಡಿರುವುದು ಬೇರೆಯೇ ಒಂದು ಕಷ್ಟ. ಈಗ ಬರುವ ಮಕ್ಕಳೆಲ್ಲ ಮೊಬೈಲ್ ಬಳಸಿ ಪಳಗಿದವರು. ಬೆರಳು ಪರದೆಯ ಮೇಲೆ ಮಿಂಚಿನಂತೆ ಓಡುತ್ತದೆ. ಅದೇ ಮಕ್ಕಳನ್ನು ಕೀಬೋರ್ಡ್ ಮುಂದೆ ಕೂರಿಸಿದರೆ ಕೈ ಮಡಿಲಿನಿಂದ ಮೇಲೇಳುವುದಿಲ್ಲ. ಹಳ್ಳಿಯಿಂದ ಬಂದಿದ್ದ ಹುಡುಗಿಯೊಬ್ಬಳು ಮೊದಲ ಲ್ಯಾಬಿನ ದಿನ ಬ್ರೇಸ್ ಚಿಹ್ನೆಗಾಗಿ, ಅಂದರೆ { ಎಂಬ ಆವರಣಕ್ಕಾಗಿ, ಹತ್ತು ನಿಮಿಷ ಹುಡುಕಿದಳು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬರೆದ ಪ್ರೋಗ್ರಾಮನ್ನು ಸೇವ್ ಮಾಡಿದಳು, ಮುಂದಿನ ವಾರ ಅದು ಎಲ್ಲಿದೆ ಎಂದು ಸಿಗಲಿಲ್ಲ. ಮೊಬೈಲಿನಲ್ಲಿ ಫೋಟೋ ಗ್ಯಾಲರಿಯಲ್ಲಿರುತ್ತದೆ, ಹಾಡು ಹಾಡಿನ ಆ್ಯಪಿನಲ್ಲಿರುತ್ತದೆ. ಕಡತವೊಂದು ಯಾವುದೋ ಫೋಲ್ಡರಿನೊಳಗೆ, ಆ ಫೋಲ್ಡರ್ ಇನ್ನೊಂದರೊಳಗೆ ಇರುತ್ತದೆ ಎಂಬುದನ್ನು ತಿಳಿಯುವ ಸಂದರ್ಭವೇ ಅವಳಿಗೆ ಬಂದಿರಲಿಲ್ಲ. ಆದರೆ ಅವಳು ತನಗೆ ಬುದ್ಧಿ ಸಾಲದು ಎಂದುಕೊಂಡಳು, ಮೂರು ವಾರ ಹಿಂದಿನ ಬೆಂಚಿನಲ್ಲಿ ಕುಳಿತಳು. ನನಗೆ ಇವತ್ತಿಗೂ ನೋವಾಗುವುದು ಅದಕ್ಕೆ. ನಾಲ್ಕು ದಿನ ಅಭ್ಯಾಸ ಮಾಡಿದ್ದರೆ ಮುಗಿಯುವ ವಿಷಯ ಒಂದು ಮಗುವಿನ ಆತ್ಮವಿಶ್ವಾಸವನ್ನೇ ಅಲುಗಾಡಿಸಿಬಿಟ್ಟಿತು.

ಆದ್ದರಿಂದ ಈ ಒಂದು ತಿಂಗಳನ್ನು ಕೀಬೋರ್ಡಿಗೆ ಕೊಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ, ಹೋಗಿ ವಿಚಾರಿಸಿ. ಹಲವು ಊರುಗಳಲ್ಲಿ ಅಲ್ಲಿ ಕಂಪ್ಯೂಟರ್ ಇಟ್ಟಿದ್ದಾರೆ. ಇಲ್ಲದಿದ್ದರೆ ಪರಿಚಯದ ಶಾಲೆಯಲ್ಲೋ ಸಂಬಂಧಿಕರ ಮನೆಯಲ್ಲೋ ದಿನಕ್ಕೆ ಒಂದು ಗಂಟೆ ಸಿಕ್ಕರೆ ಸಾಕು. ಅರ್ಧ ಗಂಟೆ ಬರಿಯ ಟೈಪಿಂಗ್, ಹತ್ತೂ ಬೆರಳು ಬಳಸಿ. ಉಳಿದ ಅರ್ಧ ಗಂಟೆ ಫೋಲ್ಡರ್ ಮಾಡುವುದು, ಕಡತಕ್ಕೆ ಅರ್ಥವಾಗುವ ಹೆಸರಿಡುವುದು, ನಕಲು ಮಾಡುವುದು, ಬೇರೆಡೆಗೆ ಸರಿಸುವುದು, ಹಲವು ಕಡತಗಳನ್ನು ಒಂದೇ ಕಟ್ಟಾಗಿ ಜಿಪ್ ಮಾಡುವುದು, ಪಿಡಿಎಫ್ ಮಾಡಿ ಇಮೇಲಿಗೆ ಲಗತ್ತಿಸಿ ಕಳಿಸುವುದು. ನೋಡಲು ಅತಿ ಸಣ್ಣ ಕೆಲಸಗಳು. ಮೊದಲ ವರ್ಷದ ಅಸೈನ್‌ಮೆಂಟುಗಳೆಲ್ಲ ನಡೆಯುವುದು ಇವುಗಳ ಮೇಲೆಯೇ.

ಕನ್ನಡ ಮಾಧ್ಯಮದ ಬಗ್ಗೆ ನೀವು ಅಳುಕಿನಿಂದ ಬರೆದಿದ್ದೀರಿ. ಬಾಂಬೆ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್ ಎಂಬ ಯೋಜನೆಯಿದೆ. ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ ಲಿನಕ್ಸ್, ಬರವಣಿಗೆ ಮತ್ತು ಲೆಕ್ಕಪಟ್ಟಿಯ ಲಿಬ್ರೆ ಆಫೀಸ್, ಪ್ರೋಗ್ರಾಮ್ ಬರೆಯುವ ಸಿ ಭಾಷೆ ಮೊದಲಾದವುಗಳ ಪಾಠಗಳನ್ನು ಚಿಕ್ಕ ಚಿಕ್ಕ ವಿಡಿಯೋಗಳಾಗಿ ಮಾಡಿದ್ದಾರೆ. ಅವುಗಳಲ್ಲಿ ಅನೇಕವು ಕನ್ನಡ ಧ್ವನಿಯಲ್ಲೇ ಇವೆ, ಎಲ್ಲವೂ ಉಚಿತ. ಪರದೆಯ ಒಂದು ಬದಿಯಲ್ಲಿ ವಿಡಿಯೋ, ಇನ್ನೊಂದು ಬದಿಯಲ್ಲಿ ತನ್ನದೇ ಅಭ್ಯಾಸ ಎಂಬಂತೆ ನೋಡಬೇಕು, ಅವುಗಳನ್ನು ಮಾಡಿರುವುದೇ ಹಾಗೆ. ಸುಮ್ಮನೆ ಮಲಗಿಕೊಂಡು ನೋಡಿದರೆ ಪ್ರಯೋಜನವಿಲ್ಲ. ಮಗಳು ಮೊದಲು ಕನ್ನಡದಲ್ಲಿ ಕೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಕೇಳಲಿ. ಪದಗಳು ತಾವಾಗಿ ಒಗ್ಗುತ್ತವೆ. ಹಾಗೆಯೇ ಕನ್ನಡವನ್ನು ಯುನಿಕೋಡಿನಲ್ಲಿ, ಅಂದರೆ ಎಲ್ಲ ಯಂತ್ರಗಳಲ್ಲೂ ಓದಲು ಬರುವ ಅಕ್ಷರ ಸಂಕೇತದಲ್ಲಿ, ಟೈಪ್ ಮಾಡುವುದನ್ನೂ ಕಲಿತಿರಲಿ. ಅದು ಪಠ್ಯಕ್ಕೆ ಬೇಕೆಂದಲ್ಲ, ಎಂಜಿನಿಯರ್ ಆಗುವ ಹುಡುಗಿ ತನ್ನ ಭಾಷೆಯಲ್ಲಿ ನಾಲ್ಕು ಸಾಲು ಬರೆಯಲು ಇನ್ನೊಬ್ಬರ ಕೈ ಕಾಯಬಾರದು ಎಂಬ ಆಸೆ ನನ್ನದು.

ಹಣ ಖರ್ಚಿಲ್ಲದ, ಆದರೆ ಲ್ಯಾಪ್‌ಟಾಪಿಗಿಂತ ಮುಖ್ಯವಾದ ಇನ್ನೊಂದು ವಿಷಯ. ಸಿಇಟಿ ಅರ್ಜಿಯನ್ನು ನೀವು ಸೈಬರ್ ಸೆಂಟರಿನಲ್ಲಿ ತುಂಬಿಸಿದ್ದೀರಾ? ಹಾಗಿದ್ದರೆ ಇವತ್ತೇ ನೋಡಿ: ಮಗಳ ಹೆಸರಿನ ಇಮೇಲಿಗೆ ಯಾರ ಮೊಬೈಲ್ ಸಂಖ್ಯೆ ಜೋಡಿಸಿದ್ದಾರೆ, ಪಾಸ್‌ವರ್ಡ್ ಯಾರ ಬಳಿ ಇದೆ? ಅವಸರದಲ್ಲಿ ಅಂಗಡಿಯವರು ತಮ್ಮದೇ ಸಂಖ್ಯೆ ಕೊಟ್ಟು ಇಮೇಲ್ ತೆರೆದಿರುತ್ತಾರೆ, ಪಾಸ್‌ವರ್ಡನ್ನು ಚೀಟಿಯ ಹಿಂದೆ ಗೀಚಿರುತ್ತಾರೆ. ಆರು ತಿಂಗಳ ಮೇಲೆ ವಿದ್ಯಾರ್ಥಿವೇತನದ ಒಟಿಪಿ ಬಂದಾಗ ಅದು ಯಾರದೋ ಜೇಬಿನಲ್ಲಿ ಸದ್ದು ಮಾಡುತ್ತದೆ. ಪ್ರತಿ ವರ್ಷ ಇಂತಹ ಮೂರು ನಾಲ್ಕು ಮಕ್ಕಳು ನನ್ನ ಮೇಜಿನ ಮುಂದೆ ಕಣ್ಣು ತುಂಬಿಕೊಂಡು ನಿಲ್ಲುತ್ತಾರೆ. ಹೊಸ ಇಮೇಲ್ ತೆರೆಯುವುದಾದರೆ ಮಗಳ ಸಂಖ್ಯೆಗೆ ಜೋಡಿಸಿ, ಪಾಸ್‌ವರ್ಡಿನ ಜೊತೆಗೆ ಮೊಬೈಲಿನಲ್ಲೂ ಖಚಿತಪಡಿಸುವ ಎರಡು ಹಂತದ ಭದ್ರತೆ ಹಾಕಿ. ಪಾಸ್‌ವರ್ಡನ್ನು ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟರೂ ತಪ್ಪಿಲ್ಲ. ಇಮೇಲ್ ವಿಳಾಸ ಅವಳ ಹೆಸರಿನಲ್ಲಿರಲಿ, ಮುಂದೆ ಕೆಲಸಕ್ಕೆ ಅರ್ಜಿ ಹಾಕುವುದೂ ಅದರಿಂದಲೇ.

ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗಳಲ್ಲಿ ಹೆಸರಿನ ಕಾಗುಣಿತ, ಇನಿಶಿಯಲ್ ಒಂದೇ ರೀತಿ ಇವೆಯೇ ನೋಡಿ. ಇಲ್ಲದಿದ್ದರೆ ರಜೆಯಲ್ಲೇ ಆಧಾರ್ ತಿದ್ದಿಸಿ. ಪಾಸಾದ ವಿಷಯಗಳಿಗೆ ಸಿಗುವ ಕ್ರೆಡಿಟ್‌ಗಳನ್ನು ಕೂಡಿಡುವ ಎಬಿಸಿ ಖಾತೆಯನ್ನು ಕಾಲೇಜಿನವರು ಕೇಳುತ್ತಾರೆ, ಅದನ್ನು ಡಿಜಿಲಾಕರ್ ಮೂಲಕ ಮಾಡಿಕೊಳ್ಳಬೇಕು. ಹೆಸರು ಹೊಂದದಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ರಾಜ್ಯದ ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಮಗಳ ಖಾತೆಗೆ ಆ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಈ ಓಡಾಟವನ್ನು ನೀವು ಮಾಡಿದರೂ ಮಗಳನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ.

ಇನ್ನು ಲ್ಯಾಪ್‌ಟಾಪ್. ಕೊಳ್ಳುವಾಗ ಪ್ರೋಗ್ರಾಮುಗಳು ಓಡಲು 16 ಜಿಬಿ ರ್‍ಯಾಮ್, ಕಡತಗಳನ್ನು ಇಡಲು 512 ಜಿಬಿ ಎಸ್‌ಎಸ್‌ಡಿ, ಇತ್ತೀಚಿನ ತಲೆಮಾರಿನ ಇಂಟೆಲ್ ಐ5 ಅಥವಾ ರೈಜನ್ 5 ದರ್ಜೆಯ ಪ್ರೊಸೆಸರ್ ಇದ್ದರೆ ನಾಲ್ಕು ವರ್ಷಕ್ಕೆ ಧಾರಾಳ. ಬಜೆಟ್ ಸಾಲದಿದ್ದರೆ 8 ಜಿಬಿಯದನ್ನು ಕೊಂಡು ಮುಂದೆ ಹೆಚ್ಚಿಸಬಹುದು, ಆದರೆ ಆ ಮಾದರಿಯಲ್ಲಿ ಹೆಚ್ಚಿಸಲು ಜಾಗವಿದೆಯೇ ಎಂದು ಮೊದಲೇ ಕೇಳಿ; ತೆಳ್ಳಗಿನ ಹಲವು ಮಾದರಿಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಎಲೆಕ್ಟ್ರಾನಿಕ್ಸ್ ಮಕ್ಕಳಿಗೆ ಮುಂದೆ ಮೈಕ್ರೊಕಂಟ್ರೋಲರ್ ಲ್ಯಾಬಿನಲ್ಲಿ ಕೈಲ್, ಡಿಜಿಟಲ್ ವಿನ್ಯಾಸಕ್ಕೆ ವಿವಾಡೊ ಎಂಬ ತಂತ್ರಾಂಶಗಳು ಬರಬಹುದು. ವಿವಾಡೊ ಒಂದೇ ಹತ್ತಾರು ಜಿಬಿ ಜಾಗ ನುಂಗುತ್ತದೆ, ಅದಕ್ಕಾಗಿಯೇ 512 ಎಂದೆ. ಇವೆರಡಕ್ಕೂ ವಿಂಡೋಸ್ ಇರುವ ಯಂತ್ರವೇ ಸರಿ, ಆ್ಯಪಲ್ ಮ್ಯಾಕ್ ಬೇಡ. ಗೇಮಿಂಗ್ ಯಂತ್ರದ ಗ್ರಾಫಿಕ್ಸ್ ಕಾರ್ಡು ಈ ಯಾವುದಕ್ಕೂ ಬೇಕಿಲ್ಲ. ಎಂದಾದರೂ ಯಂತ್ರಕಲಿಕೆಗೆ ಬೇಕಾದರೆ ಗೂಗಲ್ ಕೊಲ್ಯಾಬ್‌ನಲ್ಲಿ ಇಂಟರ್ನೆಟ್ ಮೂಲಕ ಅಂತಹ ಕಾರ್ಡಿನ ಬಳಕೆ ಮಿತಿಯೊಳಗೆ ಉಚಿತವಾಗಿಯೇ ಸಿಗುತ್ತದೆ. ಮೇಲಾಗಿ ಆ ಯಂತ್ರ ಭಾರ, ಬ್ಯಾಟರಿ ಬೇಗ ಮುಗಿಯುತ್ತದೆ, ಹಾಸ್ಟೆಲಿನಲ್ಲಿ ಕರೆಂಟು ಹೋದಾಗ ಅದರ ಕಷ್ಟ ತಿಳಿಯುತ್ತದೆ.

ಹಳೆಯದನ್ನು ಕೊಳ್ಳುವ ಯೋಚನೆಯಿದ್ದರೆ ಒಂದು ಎಚ್ಚರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ, ಅಂದರೆ ಉಚಿತ ಭದ್ರತಾ ಅಪ್‌ಡೇಟುಗಳು ಬರುವುದು, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಕಚೇರಿಗಳಿಂದ ಬಂದ ಹಳೆಯ ಯಂತ್ರಗಳನ್ನು ಅಗ್ಗಕ್ಕೆ ಮಾರುವುದರಲ್ಲಿ ಈ ಲೆಕ್ಕವೂ ಇರುತ್ತದೆ. ಹೊಸದಾದರೆ ಬಿಲ್ ಮಗಳ ಹೆಸರಿನಲ್ಲಿರಲಿ, ಆ ಕಂಪನಿಯ ಸರ್ವಿಸ್ ಸೆಂಟರ್ ಕಾಲೇಜಿರುವ ಊರಿನಲ್ಲಿರಲಿ. ಕದ್ದ ತಂತ್ರಾಂಶ ಹಾಕಿಕೊಡುತ್ತೇವೆ ಎಂದರೆ ದಯವಿಟ್ಟು ಬೇಡವೆನ್ನಿ. ಬರೆಯಲು, ಲೆಕ್ಕಪಟ್ಟಿಗೆ ಲಿಬ್ರೆ ಆಫೀಸ್ ಸಾಕು, ಕಾಲೇಜಿನ ಇಮೇಲ್ ಸಿಕ್ಕ ಮೇಲೆ ಹಲವೆಡೆ ಮೈಕ್ರೋಸಾಫ್ಟ್ ಆಫೀಸೂ ಉಚಿತ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಹೇಗೂ ತೆಗೆಯುವವರಿದ್ದರೆ ಓದಿಗೆ ಬೇಕಾದ ಕಂಪ್ಯೂಟರಿನ ಬೆಲೆಯನ್ನೂ ಅದರಲ್ಲಿ ಸೇರಿಸಲು ಅವಕಾಶವಿದೆ, ಅರ್ಜಿ ಹಾಕುವಾಗಲೇ ಕೊಟೇಶನ್ ಇಡಿ. ಬಡ್ಡಿಗೆ ಕೈಸಾಲ ತರುವುದಕ್ಕಿಂತ ಅದು ಎಷ್ಟೋ ಮೇಲು.

ಪೆನ್‌ಡ್ರೈವನ್ನು ನಂಬಿ ಕೂರಬಾರದು. ಲ್ಯಾಬಿನಿಂದ ಲ್ಯಾಬಿಗೆ, ಜೆರಾಕ್ಸ್ ಅಂಗಡಿಗೆ ಓಡಾಡಿ ವೈರಸ್ ಹೊತ್ತು ತರುವುದೇ ಅದು. ಕಡತಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಗೂಗಲ್ ಡ್ರೈವಿನಲ್ಲಿ ಉಚಿತವಾಗಿ ಸಿಗುವ 15 ಜಿಬಿ ಮೊದಲ ವರ್ಷದ ಕೆಲಸಕ್ಕೆ ಬೇಕಾದಷ್ಟು.

ಚಾಟ್‌ಜಿಪಿಟಿ ಇರುವಾಗ ಪ್ರೋಗ್ರಾಮ್ ಕಲಿಯಬೇಕೇ ಎಂದೂ ಕೇಳಿದ್ದೀರಿ. ಬೇಕು. ನಮ್ಮಲ್ಲಿ ಲ್ಯಾಬ್ ಪರೀಕ್ಷೆಯ ದಿನ ಇಂಟರ್ನೆಟ್ ಇರುವುದಿಲ್ಲ, ಎದುರಿಗೆ ಕುಳಿತ ಪರೀಕ್ಷಕರು ಈ ಸಾಲು ಏಕೆ ಬರೆದೆ ಎಂದು ಕೇಳುತ್ತಾರೆ. ಮೊದಲು ಕಾಗದದಲ್ಲಿ ಬರೆಯಲಿ, ಟೈಪ್ ಮಾಡಲಿ, ತಪ್ಪು ಬಂದಾಗ ಹದಿನೈದು ನಿಮಿಷ ತಾನೇ ಹುಡುಕಲಿ. ಆಮೇಲೆ ಚಾಟ್‌ಜಿಪಿಟಿಯನ್ನು ಕೇಳಿದರೆ ಉತ್ತರ ನಿಜವಾಗಿ ಅರ್ಥವಾಗುತ್ತದೆ.

ಹಾಸ್ಟೆಲಿಗೆ ಬಿಡುವ ಮುನ್ನ ಒಂದು ಮಾತು ಹೇಳಿ ಕಳಿಸಿ: ವಿದ್ಯಾರ್ಥಿವೇತನ ಬಂದಿದೆ, ಮನೆಯಿಂದಲೇ ಕೆಲಸ ಕೊಡುತ್ತೇವೆ ಎಂದು ಬರುವ ಕೊಂಡಿಗಳನ್ನು ಒತ್ತಬಾರದು, ಒಟಿಪಿ ಯಾರಿಗೂ ಹೇಳಬಾರದು. ಒಂದು ವೇಳೆ ಹಣ ಹೋದರೆ ಭಯಪಟ್ಟು ಮುಚ್ಚಿಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ನಿಮಗೂ ಹೇಳಬೇಕು. ಅಪ್ಪ ಬೈಯುತ್ತಾರೆಂದು ಎರಡು ದಿನ ಸುಮ್ಮನಿದ್ದ ಮಕ್ಕಳನ್ನು ನಾನು ನೋಡಿದ್ದೇನೆ. ಆ ಎರಡು ದಿನದಲ್ಲಿ ಹಣ ಕೈಗೆಟುಕದಷ್ಟು ದೂರ ಹೋಗಿರುತ್ತದೆ. ಬೈಯುವುದಿಲ್ಲ ಎಂದು ನೀವೇ ಮುಂಚಿತವಾಗಿ ಮಾತು ಕೊಟ್ಟುಬಿಡಿ.

ಕಬ್ಬಿನ ಬಿಲ್ ಬಂದ ಮೇಲೆ ಅಂಗಡಿಯವರು ತೋರಿಸುವ ಎರಡು ಮೂರು ಮಾದರಿಗಳ ಪೂರ್ತಿ ಹೆಸರು, ಬೆಲೆ ಇಲ್ಲಿ ಬರೆಯಿರಿ. ಸಂಜೆ ಲ್ಯಾಬ್ ಮುಗಿಸಿ ಬಂದು ನೋಡುತ್ತೇನೆ.